ಮೂರು ಗೇಣಿನ ಹಳಿ, ಗರಸಿನ ದಾರಿ

ಹಳಿ ಅಂತ ಇದ್ದದ್ದು ಹೆಚ್ಚೆಂದರೆ ಹತ್ತು ಅಡಿ. ರೈಲು ನಿಂತು ಐವತ್ತು ವರ್ಷ ದಾಟಿದ ಸ್ಟೇಷನ್ನಿನ ಮುಂದೆ, ನೆನಪಿಗಿರಲಿ ಎಂದು ನೆಲದಲ್ಲಿ ಹುಗಿದು ಉಳಿಸಿಕೊಂಡ ತುಂಡು. ಟಿಕೆಟ್ ಕೊಡುತ್ತಿದ್ದ ಕಿಂಡಿಯ ಜಾಗದಲ್ಲಿ ಈಗ ಕಾಫಿ ಕೊಡುತ್ತಾರೆ. ಸೈಕಲ್ಲನ್ನು ಗೋಡೆಗೆ ಒರಗಿಸಿ, ಮಂಡಿಯೂರಿ ಕೂತು, ಒಂದು ಹಳಿಯ ಒಳಮೈಯಿಂದ ಇನ್ನೊಂದರ ಒಳಮೈಗೆ ಗೇಣು ಹಾಕಿದೆ. ಮೂರು ಗೇಣು, ಮೇಲೆ ಮೂರೂವರೆ ಬೆರಳು. ನಂಬಿಕೆ ಬರದೆ ಇನ್ನೊಮ್ಮೆ ಹಾಕಿದೆ. ಅಷ್ಟೇ.

“ಮಾವ, ಏಳಿ ಮೇಲೆ. ಎಲ್ಲರೂ ನಿಮ್ಮನ್ನೇ ನೋಡ್ತಿದಾರೆ,” ಅಂದಳು ತಂಗಿ ಮಗಳು.

ನೋಡಲಿ. ಕೋಲಾರದ ಕಡೆ ಹುಟ್ಟಿ ಬೆಳೆದವನಿಗೆ ಈ ಅಳತೆ ಕಂಡರೆ ಒಳಗೆ ಏನಾಗುತ್ತದೆ ಅನ್ನುವುದು ಕಾಫಿ ಕುಡಿಯಲು ಬಂದವರಿಗೆ ಎಲ್ಲಿ ಗೊತ್ತಾಗಬೇಕು? ಆ ವಿಷಯಕ್ಕೆ ಆಮೇಲೆ ಬರುತ್ತೇನೆ. ಬಂದರೆ ಬೇಗ ಬಿಡುವುದಿಲ್ಲ, ಈಗಲೇ ಹೇಳಿಬಿಟ್ಟಿದ್ದೇನೆ.

ಸ್ಪೇನಿನ ಈಶಾನ್ಯ ಮೂಲೆಯ ಕ್ಯಾಟಲೋನಿಯಾದಲ್ಲಿ ಜಿರೋನಾ ಎನ್ನುವ ಸೀಮೆ ಇದೆ. ತಲೆಯ ಮೇಲೆ ಪಿರನೀಸ್ ಬೆಟ್ಟ, ಪಕ್ಕಕ್ಕೆ ಮೆಡಿಟರೇನಿಯನ್ ಸಮುದ್ರ. ಅದರ ಕರಾವಳಿಗೆ ಕೋಸ್ತಾ ಬ್ರಾವಾ ಎಂದು ಹೆಸರು. ‘ಜಿಂದಗಿ ನಾ ಮಿಲೇಗಿ ದೊಬಾರಾ’ ಸಿನಿಮಾದಲ್ಲಿ ಮೂವರು ಗೆಳೆಯರು ನೀರಿಗೆ ಧುಮುಕುತ್ತಾರಲ್ಲ, ಆ ಕರಾವಳಿ. ಒಳನಾಡಿನ ಓಲೊಟ್ ಎಂಬ ಊರಿನಿಂದ ಜಿರೋನಾ ಪಟ್ಟಣಕ್ಕೆ 54 ಕಿಲೋಮೀಟರ್, ಜಿರೋನಾದಿಂದ ಕಡಲಂಚಿನ ಸಂತ್ ಫೆಲಿಯೂ ದೆ ಗೀಶೊಲ್ಸ್‌ಗೆ 39 ಕಿಲೋಮೀಟರ್. ಇಷ್ಟು ಉದ್ದಕ್ಕೂ ಕಾರು, ಬಸ್ಸು, ಲಾರಿಯ ಕಾಟವಿಲ್ಲದ ಮಣ್ಣಿನ ದಾರಿ ಇದೆ. ಸೈಕಲ್ಲಿನವರಿಗೆ, ನಡೆಯುವವರಿಗೆ ಮಾತ್ರ. ಹಿಂದೆ ಅಲ್ಲಿ ರೈಲು ಓಡುತ್ತಿತ್ತು. ಹಳಿ ಕಿತ್ತರು, ದಾರಿ ಉಳಿಯಿತು.

ತಂಗಿ ಮಗಳು ಬಾರ್ಸಿಲೋನಾದಲ್ಲಿ ಕೆಲಸ ಮಾಡುತ್ತಾಳೆ. ಅಕ್ಟೋಬರಿನಲ್ಲಿ ಅವಳ ಮನೆಗೆ ಹೋಗಿದ್ದೆ. “ಮಾವ, ಎರಡು ದಿನ ಗ್ರಾವೆಲ್ ರೈಡಿಂಗ್ ಹೋಗೋಣ,” ಎಂದಳು. ಗ್ರಾವೆಲ್ ಅಂದರೆ ಜಲ್ಲಿಯಲ್ಲವೇ, ಜಲ್ಲಿಯ ಮೇಲೆ ಸೈಕಲ್ ಹೊಡೆಯಲು ಜನ ದುಡ್ಡು ಕೊಡುತ್ತಾರೆಯೇ ಎಂದು ಕೇಳಿದೆ. ಕೊಡುತ್ತಾರಂತೆ. ಅದಕ್ಕೇ ಬೇರೆ ಜಾತಿಯ ಸೈಕಲ್ಲೇ ಇದೆಯಂತೆ. ಹ್ಯಾಂಡಲ್ ರೇಸಿಂಗ್ ಸೈಕಲ್ಲಿನಂತೆ ಬಾಗಿರುತ್ತದೆ, ಟೈರು ಮಾತ್ರ ದಪ್ಪ. ಅಂಗಡಿಯಲ್ಲಿ ಟೈರಿನ ಪಕ್ಕದ ಬರಹ ಓದಿದೆ: ಅಗಲ 40 ಮಿಲಿಮೀಟರ್.

ಅಲ್ಲಿ ನನಗೆ ನಗು ತಡೆಯಲಾಗಲಿಲ್ಲ. ನಮ್ಮೂರಲ್ಲಿ ಹಾಲಿನ ಕ್ಯಾನು ಕಟ್ಟಿಕೊಂಡು ಬರುತ್ತಿದ್ದವರ ದೊಡ್ಡ ಸೈಕಲ್ಲಿನ ಟೈರು ಇಪ್ಪತ್ತೆಂಟಕ್ಕೆ ಒಂದೂವರೆ ಇಂಚಿನದು. ಮೆಟ್ರಿಕ್ ಲೆಕ್ಕದಲ್ಲಿ ಅದನ್ನು 40–635 ಎಂದು ಬರೆಯುತ್ತಾರೆ. ಮೊದಲಿನದು ಅಗಲ, 40 ಮಿಲಿಮೀಟರ್. ಅಮೆರಿಕದ ಕಾನ್ಸಾಸ್‌ನಲ್ಲಿ ಇಂಥ ಜಲ್ಲಿ ದಾರಿಯ ರೇಸು ಶುರುವಾದದ್ದು 2006ರಲ್ಲಿ. ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟ ಮೊದಲ ಗ್ರಾವೆಲ್ ವಿಶ್ವ ಚಾಂಪಿಯನ್‌ಶಿಪ್ ಮಾಡಿದ್ದು 2022ರಲ್ಲಿ. ಹಾಲಿನವರು ಅದಕ್ಕೆ ಎಷ್ಟೋ ಮುಂಚಿನಿಂದ ದಿನಕ್ಕೆರಡು ಸಲ ಗ್ರಾವೆಲ್ ರೈಡಿಂಗ್ ಮಾಡುತ್ತಲೇ ಇದ್ದರು, ಅದೂ ಗೇರಿಲ್ಲದೆ. ಇದನ್ನು ಅಂಗಡಿಯ ಹೆಂಗಸಿಗೆ ಹೇಳಿಸಿದೆ. ಆಕೆ ಸಭ್ಯವಾಗಿ ತಲೆಯಾಡಿಸಿದಳು.

ಅದೇ ಗುಂಗಿನಲ್ಲಿ ತಪ್ಪೂ ಮಾಡಿದೆ. ಹೆಬ್ಬೆರಳಿನಿಂದ ಟೈರು ಒತ್ತಿ ನೋಡಿದರೆ ಮೆತ್ತಗಿತ್ತು. ಗಾಳಿ ಸಾಲದು ಎಂದೆ. ಇಷ್ಟೇ ಇರಬೇಕು ಎಂದರು. ನಮ್ಮ ಕೈಗೆ ಕಲ್ಲಿನಂತೆ ಬಡಿಯದ ಟೈರು ಟೈರೇ ಅಲ್ಲ. ಅವರು ಆಚೆ ತಿರುಗಿದಾಗ ಪಂಪು ತೆಗೆದು ಚೆನ್ನಾಗಿ ಹೊಡೆದುಕೊಂಡೆ. ಅದರ ಫಲ ಓಲೊಟ್‌ನಿಂದ ಹೊರಟು ಇಪ್ಪತ್ತು ಕಿಲೋಮೀಟರಿನೊಳಗೆ ಸಿಕ್ಕಿತು. ಇಳಿಜಾರಿನ ತಿರುವಿನಲ್ಲಿ ಸಡಿಲ ಹರಳಿನ ಮೇಲೆ ಹಿಂಚಕ್ರ ಸರಕ್ಕನೆ ಜಾರಿ, ನಾನು ಬ್ಲ್ಯಾಕ್‌ಬೆರಿ ಮುಳ್ಳಿನ ಪೊದೆಯಲ್ಲಿ ಕೂತಿದ್ದೆ. ಮೊಣಕೈ ತರಚಿತು. ಬಿಗಿದ ಟೈರು ಹರಳಿನ ಮೇಲೆ ಉರುಳುತ್ತದೆ, ಮೆತ್ತನೆಯ ಟೈರು ಹರಳನ್ನು ಅಪ್ಪಿ ಹಿಡಿಯುತ್ತದೆ. ಕಾರಣ ಇಷ್ಟು ಸರಳ. ತಂಗಿ ಮಗಳು ಮಾತಾಡದೆ ವಾಲ್ವ್ ಒತ್ತಿ ಅರ್ಧ ಗಾಳಿ ಬಿಟ್ಟಳು. ಆಮೇಲೆ ಎರಡು ದಿನ ಜಾರಲಿಲ್ಲ.

ಬಿದ್ದದ್ದರಿಂದ ಒಂದು ಲಾಭವಾಯಿತು, ನೆಲವನ್ನು ಹತ್ತಿರದಿಂದ ನೋಡಿದೆ. ಆ ಮಣ್ಣಿಗೆ ಅಲ್ಲಿಯವರು ಸೌಲೋ ಅನ್ನುತ್ತಾರೆ. ಮುಷ್ಟಿಯಲ್ಲಿ ಹಿಡಿದರೆ ಕೆನೆಗೋಧಿ ಬಣ್ಣದ ಹರಳು ಹರಳು, ಬನ್ಸಿ ರವೆಗಿಂತ ದಪ್ಪ, ಹುರಿಗಡಲೆಗಿಂತ ಸಣ್ಣ. ಬಿಸಿಲಿಗೆ ತಿರುಗಿಸಿದರೆ ನಡುನಡುವೆ ಕಾಗೆಬಂಗಾರದ ಚೂರು ಮಿನುಗುತ್ತದೆ. ಗ್ರಾನೈಟ್ ಬಂಡೆ ನೀರು ಬಿಸಿಲಿಗೆ ಸಿಕ್ಕಿ ಸಾವಿರಾರು ವರ್ಷ ಕೊಳೆತು ಹೀಗಾಗುತ್ತದೆ. ಬಂಡೆಯಲ್ಲಿರುವ ಫೆಲ್ಡ್‌ಸ್ಪಾರ್ ಜೇಡಿಯಾಗುತ್ತದೆ, ಬೆಣಚುಕಲ್ಲು ಮಾತ್ರ ಕರಗದೆ ಹರಳಾಗಿ ಉಳಿಯುತ್ತದೆ. ನೀರು ಚಿಮುಕಿಸಿ ರೋಲರ್ ಹೊಡೆದರೆ ಜೇಡಿ ಅಂಟಾಗಿ ಹರಳನ್ನು ಹಿಡಿದಿಡುತ್ತದೆ. ಡಾಂಬರು, ಸಿಮೆಂಟು ಏನೂ ಬೇಡ. ಮಳೆ ನೀರು ಇಂಗುತ್ತದೆ, ಕೆಸರಾಗುವುದಿಲ್ಲ. ಚಕ್ರದ ಅಡಿಯಲ್ಲಿ ಹಪ್ಪಳ ಮುರಿದ ಹಾಗೆ ಸಣ್ಣಗೆ ಸದ್ದು ಬರುತ್ತಲೇ ಇರುತ್ತದೆ.

ಇದು ನಮ್ಮ ಗರಸು. ಕೋಲಾರದಲ್ಲಿ ಮನೆ ಕಟ್ಟುವಾಗ ಅಡಿಪಾಯಕ್ಕೆ ತುಂಬಿಸುತ್ತಾರಲ್ಲ, ಅದೇ ವಂಶ. ನಮ್ಮದರಲ್ಲಿ ಕಬ್ಬಿಣದ ಕೆಂಪು ಹೆಚ್ಚು, ಇವರದು ಹಳದಿ, ಅಷ್ಟೇ ವ್ಯತ್ಯಾಸ. ಗರಸು ದಾರಿ ಎಂದು ಬೋರ್ಡು ಹಾಕಿದರೆ ನಮ್ಮಲ್ಲಿ ಜನ ಶಾಸಕರನ್ನು ಬೈಯುತ್ತಾರೆ. ಇಲ್ಲಿ ಅದರ ಮೇಲೆ ಓಡಾಡಲು ಜರ್ಮನಿ, ಹಾಲೆಂಡಿನಿಂದ ವಿಮಾನ ಹತ್ತಿ ಬರುತ್ತಾರೆ.

ರೈಲಿನ ಚರಿತ್ರೆ ದೊಡ್ಡದೇನಲ್ಲ. ಮೊದಲು ಬಂದದ್ದು ಕಡಲ ಕಡೆಯ ದಾರಿ, 1892ರಲ್ಲಿ. ಸಂತ್ ಫೆಲಿಯೂ, ಲ್ಯಾಗೊಸ್ತೇರಾ, ಕಸಾ ದೆ ಲಾ ಸೆಲ್ವಾ ಈ ಊರುಗಳೆಲ್ಲ ಬಾಟಲಿಯ ಬಿರಡೆ ಮಾಡಿ ಬದುಕಿದಂಥವು. ಬಿರಡೆ ಹಡಗು ಹತ್ತಬೇಕು, ಕಲ್ಲಿದ್ದಲು ಹಡಗಿನಿಂದ ಇಳಿದು ಒಳಗೆ ಬರಬೇಕು, ರೈಲು ಅದಕ್ಕೆ. ಓಲೊಟ್ ಕಡೆಯದು ಇಂಗ್ಲಿಷರ ದುಡ್ಡಿನಿಂದ ಶುರುವಾದದ್ದು, ಕಂಪನಿ ಲಂಡನ್ನಿನದು. 1895ರಲ್ಲಿ ಅಮೇರ್ ಎಂಬ ಊರಿನ ತನಕ ಬಂತು, ಓಲೊಟ್ ಮುಟ್ಟಿದ್ದು 1911ರಲ್ಲಿ. ಉಳಿದ ದಾರಿಗೆ ಹದಿನಾರು ವರ್ಷ! ಎರಡೂ ರೈಲು 1969ರಲ್ಲಿ ನಿಂತವು. ಲಾರಿ ಬಸ್ಸುಗಳ ಎದುರು ಮುದಿ ಇಂಜಿನ್ನು ಎಷ್ಟು ದಿನ ಜಗ್ಗೀತು? ಹಳಿ ಗುಜರಿಗೆ ಹೋಯಿತು. ದಾರಿಯ ಜಾಗ ಮುಳ್ಳು ಬೆಳೆದುಕೊಂಡು ಬಿದ್ದಿತ್ತು. ಹೀಗೆ ಬಿದ್ದಿದ್ದ ರೈಲು ದಾರಿ ಸ್ಪೇನಿನಲ್ಲಿ ಒಟ್ಟು 7,000 ಕಿಲೋಮೀಟರಿಗೂ ಮೇಲೆ. 1993ರಿಂದ ‘ವಿಯಾ ವೆರ್ದೆ’, ಅಂದರೆ ಹಸಿರು ದಾರಿ ಎನ್ನುವ ಯೋಜನೆಯಲ್ಲಿ ಒಂದೊಂದಾಗಿ ಸರಿಪಡಿಸುತ್ತ ಬಂದರು. ಈಗ ದೇಶದಲ್ಲಿ ಅಂಥ ದಾರಿ 3,000 ಕಿಲೋಮೀಟರ್ ದಾಟಿದೆ.

ಆ ಪುಟ್ಟ ರೈಲಿಗೆ ಜನ ಪ್ರೀತಿಯಿಂದ ಕರ್ರಿಲೆಟ್ ಎನ್ನುತ್ತಿದ್ದರು. ಓಲೊಟ್ ರೈಲಿನ ಮೇಲೆ ಅಲ್ಲಿ ಇವತ್ತಿಗೂ ಒಂದು ಗಾದೆ ಓಡಾಡುತ್ತದೆ. ಅದು ಹೊರಡುವುದು ಮನಸ್ಸು ಬಂದಾಗ, ತಲುಪುವುದು ಕೈಲಾದಾಗ ಎಂದು. ಕೆಟಲಾನ್ ಭಾಷೆಯಲ್ಲಿ ಅದಕ್ಕೆ ಪ್ರಾಸವೂ ಇದೆ. ಏರಿನಲ್ಲಿ ಇಳಿದು ಹಣ್ಣು ಕಿತ್ತುಕೊಂಡು ಮತ್ತೆ ಓಡಿ ಹತ್ತಬಹುದಿತ್ತು ಎಂದು ಕಾಫಿ ಅಂಗಡಿಯ ಮುದುಕರೊಬ್ಬರು ಹೇಳಿದರು. ಬಂಗಾರಪೇಟೆ–ಕೋಲಾರ ರೈಲಿನ ಮೇಲೆ ನಮ್ಮಪ್ಪ ಹೇಳುತ್ತಿದ್ದದ್ದೂ ಇದೇ ಮಾತು. ಹಣ್ಣಿನ ಬದಲು ಅವರ ಕತೆಯಲ್ಲಿ ಬೇರೆ ಕಾರಣಕ್ಕೆ ಇಳಿಯುತ್ತಿದ್ದರು ಎನ್ನುವುದನ್ನು ಬಿಟ್ಟರೆ.

ಈಗ ಅಳತೆಗೆ ಬರುತ್ತೇನೆ.

ಸ್ಪೇನಿನ ದೊಡ್ಡ ರೈಲಿನ ಹಳಿಯಗಲ ಹಿಂದೆ ಆರು ಕ್ಯಾಸ್ಟೀಲಿಯನ್ ಅಡಿ, ಈಗ 1,668 ಮಿಲಿಮೀಟರ್. ನಮ್ಮ ಬ್ರಾಡ್‌ಗೇಜು 1,676. ಎಂಟು ಮಿಲಿಮೀಟರ್ ಫರಕು! ಸಣ್ಣ ರೈಲಿಗೆ ಬಂದರೆ ಕರ್ರಿಲೆಟ್ 750 ಮಿಲಿಮೀಟರ್. ಜಿರೋನಾ ಸೀಮೆಯಲ್ಲಿ ಇಂಥವು ಮೂರಿದ್ದವು. ಪಲಾಮೋಸ್ ಬಂದರಿನಿಂದ 1887ರಲ್ಲಿ ಶುರುವಾಗಿ 1956ರಲ್ಲಿ ನಿಂತದ್ದೂ ಇದೇ ಅಳತೆ. ಮೈಸೂರು ಸಂಸ್ಥಾನದ ಕಾಲದಲ್ಲಿ ಬಂಗಾರಪೇಟೆ, ಕೋಲಾರ, ಚಿಂತಾಮಣಿ, ಚಿಕ್ಕಬಳ್ಳಾಪುರದ ಕಡೆ ಹಾಕಿದ ಸಣ್ಣ ಹಳಿ ಎರಡಡಿ ಆರಿಂಚು. ಅದು 762 ಮಿಲಿಮೀಟರ್. ಎವರರ್ಡ್ ಕಾಲ್‌ತ್ರಾಪ್ ಎಂಬ ಇಂಗ್ಲಿಷ್ ಇಂಜಿನಿಯರು ಮಹಾರಾಷ್ಟ್ರದ ಬಾರ್ಶಿಯಲ್ಲಿ 1897ರಲ್ಲಿ ಇದೇ ಅಗಲದಲ್ಲಿ ರೈಲು ಓಡಿಸಿ, ಕಡಿಮೆ ದುಡ್ಡಿನಲ್ಲಿ ಕೆಲಸವಾಗುತ್ತದೆ ಎಂದು ತೋರಿಸಿದ್ದ. ಮೆಟ್ರಿಕ್‌ನವರು ಮುಕ್ಕಾಲು ಮೀಟರ್ ಎಂದರು, ಇಂಚಿನವರು ಎರಡೂವರೆ ಅಡಿ ಎಂದರು. ನಡುವೆ ಉಳಿದದ್ದು 12 ಮಿಲಿಮೀಟರ್; ನನ್ನ ಕಿರುಬೆರಳಿನ ಅಗಲಕ್ಕಿಂತ ಕಡಿಮೆ.

ನಾನು ಹಳಿಯ ಮೇಲೆ ಕೈಯಿಟ್ಟು ಕೂತು ಯೋಚಿಸುತ್ತಿದ್ದದ್ದು ಇದನ್ನೇ. ಕೋಲಾರದ ಗಾಡಿ ಈ ಹಳಿಯ ಮೇಲೆ ಕೂರುತ್ತಿತ್ತೇ? ತಂಗಿ ಮಗಳು ಮೆಕ್ಯಾನಿಕಲ್ ಓದಿದವಳು. “ಕೂರಲ್ಲ ಮಾವ. ಚಕ್ರದ ಅಂಚು ಹಳಿಯ ಒಳಗಡೆ ಇರಬೇಕು. ನಮ್ಮದು ಅಗಲ ಜಾಸ್ತಿ, ಅಂಚು ಹಳಿ ಮೇಲೇ ಹತ್ತಿಬಿಡುತ್ತೆ.” ಚಕ್ರ ಸವೆದಿದ್ದರೆ ಎಂದೆ. ಸವೆದಿದ್ದರೂ ಇಲ್ಲ ಎಂದಳು. ತುಂಬಾ ಸವೆದಿದ್ದರೆ? ನಮ್ಮ ಚಕ್ರಗಳ ವಿಷಯ ಅವಳಿಗೇನು ಗೊತ್ತು! ಇದರ ಮೇಲೆ ಮುಂದಿನ ಎಂಟು ಕಿಲೋಮೀಟರ್ ವಾದ ನಡೆಯಿತು. ಮಧ್ಯೆ ಲೆಸ್ ಪ್ಲಾನೆಸ್ ಎಂಬ ಊರು ದಾಟಿದ್ದು ನನಗೆ ಗೊತ್ತೇ ಆಗಲಿಲ್ಲ. ಓದುಗರಿಗೆ ಆ ಊರಿನ ವರ್ಣನೆ ಸಿಗದಿರುವುದಕ್ಕೆ ಇದು ಕಾರಣ.

ಆದರೆ ಈ ಅಳತೆ ಬರೀ ನನ್ನ ಹುಚ್ಚಲ್ಲ. ಸೈಕಲ್ಲಿನವರಿಗೆ ಇವತ್ತು ಸಿಗುವ ಸುಖದ ಲೆಕ್ಕವೆಲ್ಲ ಅದರಲ್ಲೇ ಇದೆ. ಹಳಿ ಕಿರಿದಾದಷ್ಟೂ ರೈಲು ಚಿಕ್ಕ ತಿರುವಿನಲ್ಲಿ ತಿರುಗುತ್ತದೆ. ಬೆಟ್ಟ ಕೊರೆಯುವ ಬದಲು ಬೆಟ್ಟದ ಸೊಂಟ ಬಳಸಿ ಹೋಗಬಹುದು, ಸೇತುವೆ ಸಣ್ಣದಾದರೆ ಸಾಕು, ರೈತರ ಜಮೀನು ಕಡಿಮೆ ಸಾಕು. ಅದಕ್ಕೇ ಈ ದಾರಿ ಎಲ್ಲೂ ನೆಟ್ಟಗೆ ಹೋಗುವುದಿಲ್ಲ. ಹೊಳೆ ತಿರುಗಿದ ಕಡೆ ತಿರುಗುತ್ತ, ತೋಟದ ಬದುವಿನಂತೆ ಬಳುಕುತ್ತ ಹೋಗುತ್ತದೆ. ಇನ್ನೊಂದು, ಕಬ್ಬಿಣದ ಮೇಲೆ ಕಬ್ಬಿಣ ಜಾರುತ್ತದೆ. ಕಡಿದಾದ ಏರನ್ನು ಉಗಿ ಇಂಜಿನ್ನು ಹತ್ತಲಾರದು. ಆದ್ದರಿಂದ ಇಡೀ ದಾರಿಯಲ್ಲಿ ಏರು ನೂರಕ್ಕೆ ಮೂರರ ಆಸುಪಾಸು ದಾಟದಂತೆ ದಿಬ್ಬ ಕಡಿದು ತಗ್ಗು ತುಂಬಿಸಿದ್ದಾರೆ. ಬಡಪಾಯಿ ಇಂಜಿನ್ನಿಗಾಗಿ ಪಟ್ಟ ಆ ಶ್ರಮ ನನ್ನ ಮಂಡಿಗಳಿಗೆ ಬಂದು ಸೇರಿದೆ.

ಅದೇ ಕಿರಿದಾದ ಹಳಿ ರೈಲನ್ನು ಕೊಂದದ್ದೂ ಹೌದು. ಜಿರೋನಾದಲ್ಲಿ ದೊಡ್ಡ ರೈಲಿಗೆ ಸರಕು ಸೇರಿಸಬೇಕಾದರೆ ಪ್ರತಿಯೊಂದು ಮೂಟೆಯನ್ನೂ ಇಳಿಸಿ ಮತ್ತೆ ಹೇರಬೇಕಿತ್ತು. ಲಾರಿಗೆ ಆ ತಾಪತ್ರಯವಿಲ್ಲ.

ದಾರಿಯ ವಿಷಯ ಹೇಳದಿದ್ದರೆ ಸಂಪಾದಕರು ಬಿಡುವುದಿಲ್ಲ. ಓಲೊಟ್ ಊರೇ ಜ್ವಾಲಾಮುಖಿಗಳ ನಡುವೆ ಇದೆ. ಸುತ್ತಲಿನ ಗರೋಚಾ ಸೀಮೆಯಲ್ಲಿ ಅಂಥವು ನಲವತ್ತರಷ್ಟಿವೆ. ಒಂದಂತೂ ಊರ ಮಧ್ಯದಲ್ಲೇ ಗುಡ್ಡವಾಗಿ ಕೂತಿದೆ. ಕೊನೆಯ ಸಲ ಉಗುಳಿದ್ದು ಹತ್ತು ಸಾವಿರ ವರ್ಷಕ್ಕೂ ಹಿಂದೆ, ಈಗ ಅವುಗಳ ಮೇಲೆ ಕಾಡು. ಹೊಲದ ಬದು, ಕೊಟ್ಟಿಗೆಯ ಗೋಡೆ ಎಲ್ಲ ತೂತು ತೂತಾದ ಕಪ್ಪು ಕಲ್ಲು. ಓಲೊಟ್ ಸುಮಾರು 440 ಮೀಟರ್ ಎತ್ತರದಲ್ಲಿದೆ. ಅಲ್ಲಿಂದ ಮೊದಲು ಕೋಲ್ ದೆನ್ ಬಾಸ್ ಎಂಬ ಕಣಿವೆಯ ನೆತ್ತಿಗೆ, ಸುಮಾರು 620 ಮೀಟರಿಗೆ ಹತ್ತಬೇಕು. ಬೆವರು ಬರುವುದು ಅಲ್ಲಿ ಮಾತ್ರ. ಅದರಾಚೆ ಅಮೇರ್ ತನಕ ಪೆಡಲು ತುಳಿದದ್ದು ನೆನಪಿಲ್ಲ. ಓಕ್ ಮರದ ನೆರಳು, ಪಕ್ಕದಲ್ಲಿ ಬ್ರುಜೆಂಟ್ ಹೊಳೆಯ ಸದ್ದು, ಹಳೇ ಕಲ್ಲಿನ ಸೇತುವೆ. ಇಡೀ ದಾರಿಯಲ್ಲಿ ಒಳ್ಳೆಯ ಭಾಗ ಯಾವುದು ಎಂದರೆ ನಾನು ಇದನ್ನೇ ಹೇಳುತ್ತೇನೆ. ಅಮೇರ್‌ನಲ್ಲಿ ಕಮಾನುಗಳ ಚೌಕದಲ್ಲಿ ಕೂತು ಬ್ರೆಡ್ಡಿಗೆ ಟೊಮೆಟೊ ಉಜ್ಜಿ, ಎಣ್ಣೆ ಸುರಿದು ಕೊಡುವುದನ್ನು ತಿಂದೆವು. ಆಮೇಲೆ ತೇರ್ ಎಂಬ ನದಿ ಜೊತೆಯಾಗುತ್ತದೆ. ಕನ್ನಡದವನಿಗೆ ತೇರು ಎಂದೇ ಕೇಳಿಸುತ್ತದೆ, ಅದರ ನಡೆಯೂ ಹಾಗೇ ಇದೆ.

ಜಿರೋನಾ ಬಗ್ಗೆ ಬರೆಯಲು ಬೇರೆಯವರಿದ್ದಾರೆ. ‘ಗೇಮ್ ಆಫ್ ಥ್ರೋನ್ಸ್’ ನೋಡಿದವರಿಗೆ ಅಲ್ಲಿನ ಕ್ಯಾಥೆಡ್ರಲ್ಲಿನ ಮೆಟ್ಟಿಲು ಗೊತ್ತು. ಒನ್ಯಾರ್ ನದಿಯ ಮೇಲೆ ಐಫೆಲ್ ಕಂಪನಿ 1877ರಲ್ಲಿ ಕಟ್ಟಿದ ಕೆಂಪು ಕಬ್ಬಿಣದ ಸೇತುವೆ ಇದೆ. ಸೈಕಲ್ಲಿನವರಿಗೆ ಊರು ಪ್ರಸಿದ್ಧವಾದದ್ದು ಬೇರೆ ಕಾರಣಕ್ಕೆ. ತೊಂಬತ್ತರ ದಶಕದ ಕೊನೆಯಿಂದ ಅಮೆರಿಕದ ವೃತ್ತಿಪರ ರೇಸಿನವರು ಇಲ್ಲಿ ಮನೆ ಮಾಡಿದರು, ಲ್ಯಾನ್ಸ್ ಆರ್ಮ್‌ಸ್ಟ್ರಾಂಗ್ ಕೂಡ. ಅವರ ಹಿಂದೆ ಹವ್ಯಾಸಿಗಳು, ಹವ್ಯಾಸಿಗಳ ಹಿಂದೆ ಕಾಫಿ ಅಂಗಡಿಗಳು. 2019ರಿಂದ ‘ದಿ ಟ್ರಾಕಾ’ ಎನ್ನುವ ಗ್ರಾವೆಲ್ ರೇಸೂ ಇಲ್ಲಿಂದಲೇ ಹೊರಡುತ್ತದೆ. ಹಳೇ ಊರಿನ ಗಲ್ಲಿಯಲ್ಲಿ ಕಾರಿನಷ್ಟು ಬೆಲೆಯ ಸೈಕಲ್ಲುಗಳು ಸಾಲಾಗಿ ನಿಂತಿರುತ್ತವೆ, ಪಕ್ಕದಲ್ಲಿ ಒಂದೇ ಬಣ್ಣದ ಬಿಗಿ ಅಂಗಿ ತೊಟ್ಟವರು ಕಾಫಿಯ ನೊರೆಯ ಫೋಟೊ ತೆಗೆಯುತ್ತಿರುತ್ತಾರೆ. ಚೌಕಳಿ ಲುಂಗಿ ಉಟ್ಟ ಹಾಲಿನವರನ್ನು ಕರೆದುಕೊಂಡು ಹೋಗಿ ಅಲ್ಲಿ ಕೂರಿಸಬೇಕು ಎನ್ನುವ ಆಸೆ ನನಗೆ ಬಲವಾಗಿ ಬಂತು.

ಎರಡನೇ ದಿನ ಕಡಲ ಕಡೆ. ಭಾನುವಾರ. ಕಸಾ ದಾಟಿದ ಮೇಲೆ ಗವಾರೆಸ್ ಗುಡ್ಡಗಳ ಅಂಚಿನಲ್ಲಿ ಬಿರಡೆ ಮರಗಳು ಬರುತ್ತವೆ, ಕಾರ್ಕ್ ಓಕ್. ಸೈಕಲ್ ನಿಲ್ಲಿಸಿ ಒಂದನ್ನು ಮುಟ್ಟಿ ನೋಡಿದೆ. ಎದೆಯೆತ್ತರದಿಂದ ಮೇಲೆ ಮರ ಬೂದು ಬಣ್ಣ, ಆಳವಾದ ಬಿರುಕು, ಒಣಗಿದ ಕೆರೆಯಂಗಳ. ಕೆಳಗಡೆ ತೊಗಟೆ ಇಲ್ಲ. ಕೊಡಲಿಯಿಂದ ಉಂಗುರವಾಗಿ ಗೀರಿ ಇಡಿಯಾಗಿ ಬಿಡಿಸಿಕೊಂಡಿದ್ದಾರೆ. ಬಿಡಿಸಿದ ಜಾಗ ಇಟ್ಟಿಗೆ ಕೆಂಪು, ಕೈಗೆ ತಣ್ಣಗೆ, ಸೀರೆ ಸೊಂಟಕ್ಕೆ ಸಿಕ್ಕಿಸಿ ಗದ್ದೆಗಿಳಿದ ಹೆಂಗಸಿನ ಕಾಲಿನಂತೆ ಕಾಣುತ್ತದೆ. ಪಕ್ಕದ ಮರದ್ದು ಅದಕ್ಕಿಂತ ಕಪ್ಪು, ಅಂದರೆ ಬಿಡಿಸಿ ಕೆಲವು ವರ್ಷವಾಗಿದೆ.

ಈ ಕೆಲಸ ಬೇಸಿಗೆಯಲ್ಲಿ ಮಾತ್ರ, ಮರದಲ್ಲಿ ರಸ ಓಡುವಾಗ. ಆಗ ತೊಗಟೆ ಸುಲಭವಾಗಿ ಬಿಡುತ್ತದೆ. ಕೊಡಲಿ ಒಳಪದರಕ್ಕೆ ತಾಗಿದರೆ ಮರ ಹೋಯಿತು. ತಾಗದಿದ್ದರೆ ಮತ್ತೆ ತೊಗಟೆ ಬೆಳೆಸುತ್ತದೆ. ಮರಕ್ಕೆ ಇಪ್ಪತ್ತೈದು ಮೂವತ್ತು ವರ್ಷವಾದ ಮೇಲೆ ಮೊದಲ ಸಲ ಬಿಡಿಸುತ್ತಾರೆ. ಮೊದಲ ತೊಗಟೆ ಬಿರಡೆಗೆ ಬರುವುದಿಲ್ಲ, ಒರಟು. ಆಮೇಲೆ ಈ ಕಡೆ ಹನ್ನೆರಡು ಹದಿನಾಲ್ಕು ವರ್ಷಕ್ಕೊಮ್ಮೆ. ತಾತ ನೆಟ್ಟರೆ ಮೊಮ್ಮಗನಿಗೆ ಬಿರಡೆ. ನಮಗೂ ಈ ಮರ ಅಪರಿಚಿತವಲ್ಲ. ಕ್ರಿಕೆಟ್ ಚೆಂಡಿನ ಹೊಟ್ಟೆಯಲ್ಲಿರುವುದು ಕಾರ್ಕು, ಶಟಲ್ ಕಾಕಿನ ಬುಡವೂ ಕಾರ್ಕು. ಒಣಗಿ ಬಿದ್ದಿದ್ದ ಚೂರೊಂದನ್ನು ಎತ್ತಿಕೊಂಡೆ. ಅಂಗೈಯಗಲ ಇದ್ದದ್ದು ಕೈಗೆ ಭಾರವೇ ಕಾಣಲಿಲ್ಲ. ಅದನ್ನು ತರಲಿಲ್ಲ; ವಿಮಾನ ನಿಲ್ದಾಣದಲ್ಲಿ ಮರದ ಚೂರಿಗೆ ವಿವರಣೆ ಕೊಡುವ ತಾಳ್ಮೆ ನನಗಿಲ್ಲ.

‘ವಾಹನವೇ ಇಲ್ಲದ ದಾರಿ’ ಎನ್ನುವ ಮಾತಿನ ಬಗ್ಗೆಯೂ ಎರಡು ಮಾತು ಹೇಳಬೇಕು. ನಿಜ, ಆದರೆ ಪೂರ್ತಿ ಅಲ್ಲ. ಊರು ಬಂದಲ್ಲೆಲ್ಲ ಬೀದಿಗೆ ಬೀಳುತ್ತೀರಿ; ರೈಲಿನ ಜಾಗವನ್ನು ಊರು ನುಂಗಿರುತ್ತದೆ. ಡಾಂಬರು ರಸ್ತೆ ಅಡ್ಡ ಬಂದ ಕಡೆ ಇಳಿದು ನೋಡಿ ದಾಟಬೇಕು. ಒಂದೆರಡು ಕಡೆ ಟ್ರ್ಯಾಕ್ಟರು ಎದುರಿಗೆ ಬಂತು. ಜಮೀನು ಅವರದ್ದು, ಅವರು ಬರುವುದೇ ಸರಿ. ಭಾನುವಾರದ ನಿಜವಾದ ಟ್ರಾಫಿಕ್ಕು ಬೇರೆ: ಮಕ್ಕಳನ್ನು ಪುಟ್ಟ ಸೈಕಲ್ಲಿನಲ್ಲಿ ಕಲಿಸುವ ಅಪ್ಪಂದಿರು, ನಾಯಿ ಹಿಡಿದ ದಂಪತಿ, ಬ್ಯಾಟರಿ ಸೈಕಲ್ಲಿನ ಮೇಲೆ ಹತ್ತು ಹನ್ನೆರಡು ಮಂದಿಯ ನಿವೃತ್ತರ ದಂಡು. ರೇಸಿನ ಬಿಗಿ ಅಂಗಿಯವರಿಗೆ ಇವರನ್ನು ಕಂಡರೆ ಮುಖ ಸಿಂಡರಿಸುತ್ತದೆ. ನನಗೋ ಇವರೇ ಈ ದಾರಿಯ ಮಾಲೀಕರು ಎನಿಸಿತು. ಕರ್ರಿಲೆಟ್ ಹತ್ತುತ್ತಿದ್ದವರೂ ಇಂಥವರೇ ತಾನೇ. ಕಾಲಿನಿಂದ ನೆಲ ನೂಕುತ್ತ ಬರುವ ಪುಟ್ಟ ಹುಡುಗಿಯೊಬ್ಬಳು ನನ್ನನ್ನು ಹಿಂದೆ ಹಾಕಿದಳು. ಏರಿನಲ್ಲಿ.

ಕೊನೆಯ ಹತ್ತು ಕಿಲೋಮೀಟರ್ ನನಗೆ ಹಿಡಿಸಲಿಲ್ಲ. ಸಾಂತಾ ಕ್ರಿಸ್ತೀನಾ, ಕಾಸ್ತೆಲ್ ದಾರೊ ಕಳೆದ ಮೇಲೆ ರಜೆಯ ಮನೆಗಳು, ಈಜುಕೊಳದ ಕಾಂಪೌಂಡು, ಗೋದಾಮಿನಂಥ ಅಂಗಡಿಗಳು. ಕಾರಿನ ಸದ್ದು ಬೇಲಿಯ ಆಚೆಯಿಂದಲೇ ಕೇಳುತ್ತದೆ. 1908ರಲ್ಲಿ ಫೆರಾನ್ ಅಗುಯೋ ಎಂಬ ಪತ್ರಕರ್ತ ಈ ತೀರಕ್ಕೆ ಕೋಸ್ತಾ ಬ್ರಾವಾ, ಅಂದರೆ ಒರಟು ತೀರ ಎಂದು ಹೆಸರಿಟ್ಟ. ಹೆಸರಿಟ್ಟ ಮೇಲೆ ಅದರ ಒರಟೆಲ್ಲ ನುಣುಪಾಯಿತು. ಸಂತ್ ಫೆಲಿಯೂ ಮಾತ್ರ ಇನ್ನೂ ಊರಾಗಿ ಉಳಿದಿದೆ. ಮುಂದೆ ಬಂದರು, ಹಿಂದೆ ಸಾವಿರ ವರ್ಷ ಹಳೆಯ ಕಮಾನಿನ ಬೆನೆಡಿಕ್ಟೀನ್ ಮಠ. ಬಿರಡೆ ಹಡಗು ಹತ್ತುತ್ತಿದ್ದ ಕಡೆ ಈಗ ವಿಹಾರದ ದೋಣಿಗಳು. ಶೂ ಬಿಚ್ಚಿ ನೀರಿಗಿಳಿದೆ. ತರಚಿದ ಮೊಣಕೈಗೆ ಉಪ್ಪುನೀರು ತಾಗಿ ಚುರ್ ಎಂದಿತು.

“ಸವೆದಿದ್ದರೂ ಕೂರಲ್ಲ ಮಾವ,” ಎಂದಳು ತಂಗಿ ಮಗಳು ಇದ್ದಕ್ಕಿದ್ದಂತೆ. ಅವಳೂ ಅಷ್ಟು ಹೊತ್ತು ಅದನ್ನೇ ಯೋಚಿಸುತ್ತಿದ್ದಳು.

ಹೋಗುವವರಿಗೆ: ಬಾರ್ಸಿಲೋನಾದಿಂದ ಜಿರೋನಾಕ್ಕೆ ವೇಗದ ರೈಲಿನಲ್ಲಿ ನಲವತ್ತು ನಿಮಿಷದೊಳಗಿನ ದಾರಿ. ಸೈಕಲ್ಲನ್ನು ಜಿರೋನಾದಲ್ಲೇ ಬಾಡಿಗೆಗೆ ಹಿಡಿಯಿರಿ, ವ್ಯಾನಿನಲ್ಲಿ ಓಲೊಟ್‌ಗೆ ಬಿಡುವಂತೆ ಅಂಗಡಿಯವರನ್ನೇ ಕೇಳಿ. ದಾರಿಯನ್ನು ಓಲೊಟ್‌ನಿಂದ ಕಡಲಿಗೆ ಇಳಿಯಿರಿ, ಕಡಲಿನಿಂದ ಓಲೊಟ್‌ಗೆ ಹತ್ತಬೇಡಿ. ಭಾನುವಾರ ಬೇಡ. ಟೈರಿಗೆ ಅವರು ಹಾಕಿದ ಗಾಳಿಯೇ ಸರಿ, ಪಂಪು ಮುಟ್ಟಬೇಡಿ. ಬಂಗಾರಪೇಟೆ ಕಡೆಯವರಾಗಿದ್ದರೆ ಜೇಬಿನಲ್ಲಿ ಒಂದು ಟೇಪು ಇಟ್ಟುಕೊಂಡು ಹೋಗಿ. ನಾನು ಗೇಣಿನಲ್ಲಿ ಅಳೆದದ್ದು, ಒಂದೆರಡು ಮಿಲಿಮೀಟರ್ ಆಚೀಚೆ ಆಗಿರಬಹುದು.